ಅಪ್ಪನ ಪೀಠದ ಮೇಲೆ ಮಾವನ ಹೆಸರು

"ಅಕ್ಕಾ, ಅಪ್ಪನ ಹೆಸರನ್ನ ಉಳಿಯಿಂದ ಹೊಡೆದು ತೆಗ್ದಿದ್ದಾರೆ. ಆ ಜಾಗದಲ್ಲಿ ಈಗ ಯಾರ ಹೆಸರಿದೆ ಗೊತ್ತಾ? ನಿನ್ನ ಮಾವಂದು."

ತಮ್ಮ ಸಬಿನಸ್ ಅಂಗಳದಲ್ಲಿ ನಿಂತು ಏದುಸಿರು ಬಿಡುತ್ತಿದ್ದ. ಕ್ರೀಡಾಂಗಣದಿಂದ ಓಡಿಕೊಂಡೇ ಬಂದಿದ್ದ.

"ಇನ್ನೂ ಮಾವ ಆಗಿಲ್ಲ," ಎಂದೆ. "ಮದುವೆಗೆ ಎರಡು ತಿಂಗಳಿದೆ."

"ಆಗೋಕ್ ಮುಂಚೆನೇ ಹಿಂಗೆ. ಆದ್ಮೇಲೆ ನಮ್ಮನೆ ಬಾಗ್ಲೂ ಕಿತ್ಕೊಂಡ್ ಹೋಗ್ತಾರೆ."

ಕ್ರೀಡಾಂಗಣದ ಮುಂದಿನ ಸಾಲಿನಲ್ಲಿ ಸೆನೆಟಿನವರಿಗೆ ಕಲ್ಲಿನ ಪೀಠ, ಅದರ ಮೇಲೆ ಅವರವರ ಹೆಸರು. ಮಗ ಜನರಿಗೆ ಒಂದು ದಿನ ಕಾಡುಮೃಗಗಳ ಆಟ ನಡೆಸಿಕೊಟ್ಟರೆ ಸೆನೆಟಿಗೆ ಸೇರುತ್ತಾನೆ, ಅಪ್ಪನ ಪೀಠವೂ ಅವನದಾಗುತ್ತದೆ. ಸಬಿನಸ್‌ನ ಆಟ ವಸಂತದಲ್ಲೇ ಆಗಬೇಕಿತ್ತು. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಶೋಕದ ವರ್ಷ ಮುಗಿಯಲಿ ಎಂದು ಆಟವನ್ನು ಮುಂದೂಡಿದವಳು ನಾನೇ. ಖಾಲಿ ಪೀಠ ರೋಮಿನಲ್ಲಿ ಅಷ್ಟು ದಿನ ಉಳಿಯುವುದಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಪಲ್ಲಕ್ಕಿಗೂ ಕಾಯದೆ ಟಿಬೇರಿಯನ್ ಮಾವನ ಮನೆಗೆ ನಡೆದೇ ಹೋದೆ. ಅವರು ಅಂಜೂರ ತಿನ್ನುತ್ತ ಕುಳಿತಿದ್ದರು.

"ಮಾವ, ಅಪ್ಪನ ಪೀಠ ನಿಮಗ್ಯಾಕೆ? ನಿಮ್ದೇ ಒಂದಿದ್ಯಲ್ಲ."

"ಈ ಮೈ ಈಗ ಒಂದ್ರಲ್ಲಿ ಹಿಡಿಸ್ತಿಲ್ಲಮ್ಮ."

ನಾನು ನಗಲಿಲ್ಲ. ಅವರು ಅಂಜೂರ ಕೆಳಗಿಟ್ಟರು.

"ಮೊನ್ನೆ ರವೆನ್ನಾದ ಅರಮನೆಯಿಂದ ಒಬ್ಬ ಬಂದಿದ್ದ, ರಾಜನ ಕಡೆಯವನು. ಅದ್ಯಾಕೆ ಖಾಲಿ ಇದೆ ಅಂತ ವಿಚಾರಿಸ್ತಿದ್ದ. ಅವನು ತನ್ನ ಹೆಸರು ಕೆತ್ತಿಸ್ಕೊಂಡಿದ್ರೆ ನಿಮ್ಗೆ ವಾಪಸ್ ಸಿಕ್ತಿತ್ತಾ? ಅದಕ್ಕೆ ಕಲ್ಲುಕುಟಿಗನ್ನ ನಾನೇ ಕಳಿಸ್ದೆ."

"ನಮ್ಗೊಂದು ಮಾತು ಹೇಳ್ಬೋದಿತ್ತು."

"ಹೇಳ್ಬೇಕಿತ್ತು. ತಪ್ಪಾಯ್ತು."

"ಸಬಿನಸ್ ಇದನ್ನ ನಂಬಲ್ಲ. ನಿಜ ಹೇಳ್ಬೇಕಂದ್ರೆ ನಾನೂ ಅರ್ಧನೇ ನಂಬಿರೋದು. ನಿಮ್ಮ ಹೆಸರು ತೆಗ್ಸಿ, ಅವನದು ಹಾಕ್ಸಿ."

"ಆಟ ನಡೆಸ್ದೆ ಇರೋನ ಹೆಸರು ಕೆತ್ತೋ ಹಾಗಿಲ್ಲ, ನಿಂಗೂ ಗೊತ್ತು."

"ಹಾಗಾದ್ರೆ ಆಟ ಈ ತಿಂಗ್ಳೇ ನಡೀಲಿ."

"ಶೋಕ?"

"ಅಪ್ಪ ಇದ್ದಿದ್ರೆ, ಇಷ್ಟು ದಿನ ಕಾದಿದ್ದಕ್ಕೇ ಬೈತಿದ್ರು."

"ಕರಡಿಗಳಿವೆಯಾ?"

"ಎರಡಿವೆ. ಒಂದು ತೀರಾ ಬಡಕಲು, ಅದನ್ನ ನೋಡಿ ಜನ ಅಳ್ತಾರೆ."

"ನಮ್ಮ ತೋಟದಲ್ಲಿ ಒಂದಿದೆ, ಚೆನ್ನಾಗಿ ಮೇದಿದೆ. ತಗೊಂಡ್ ಹೋಗಿ."

"ಕರಡಿ ಆಮೇಲೆ. ಆಟ ಮುಗಿದ ದಿನ ಪೀಠ ಬಿಟ್ಕೊಡ್ತೀನಿ ಅಂತ ನಗರಾಧಿಪತಿಗಳ ಎದುರು ಹೇಳ್ತೀರಾ?"

ಅವರು ಅಂಜೂರವನ್ನು ಮತ್ತೆ ಕೈಗೆತ್ತಿಕೊಂಡರು. "ನನ್ನ ಮಗನ ಗತಿ ಏನಮ್ಮ ಮುಂದೆ," ಎಂದು ನಕ್ಕರು. "ಹೇಳ್ತೀನಿ. ಸಹಿನೂ ಹಾಕ್ತೀನಿ."

ಮನೆಗೆ ಬಂದರೆ ಸಬಿನಸ್ ಬಾಗಿಲಲ್ಲೇ ಕಾಯುತ್ತಿದ್ದ.

"ಬಿಟ್ಕೊಡ್ತಾರಂತಾ?"

"ಅವರ ಬಾಯಿಂದಲೇ ಕೇಳು. ನಾಳೆ ಬೆಳಿಗ್ಗೆ, ನಗರಾಧಿಪತಿಗಳ ಕಚೇರಿ ಬಾಗ್ಲು ತೆಗೆಯೋ ಹೊತ್ತಿಗೆ, ಮಾವ, ನೀನು, ನಾನು, ಮೂರೂ ಜನ ಅಲ್ಲಿರಬೇಕು."