ಬೆಳಕಿಗೆ ಅಡ್ಡ

ಕ್ಯಾಂಟನ್ ಸೀಮೆಯ ಆ ಊರಿನ ಹೆಂಗಸರೆಲ್ಲರ ಹಾಗೆ ಯುಟ್‌ಲಿನ್ ಕೂಡ ಇಪ್ಪತ್ತು ವರ್ಷದಿಂದ ಅಚ್ಚಿನ ಹಲಗೆಗಳ ಮೇಲೆ ಕಥೆಪುಸ್ತಕಗಳನ್ನು ಕೆತ್ತುತ್ತಿದ್ದಳು. ಹಲಗೆಗೆ ಅಂಟಿಸಿದ ಅಕ್ಷರಗಳ ಗೆರೆ ಹಿಡಿದು ಕೆತ್ತುತ್ತಿದ್ದಳಷ್ಟೆ, ಓದಲು ಮಾತ್ರ ಬರುತ್ತಿರಲಿಲ್ಲ. ಮಗಳಿಗೆ ಎರಡು ಸಂಬಂಧ ಬಂದಿದ್ದವು: ಒಬ್ಬ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದವನು, ಇನ್ನೊಬ್ಬ ಬಾತುಕೋಳಿ ಸಾಕುವವನು. ನಾಳೆ ಇಬ್ಬರಲ್ಲೊಬ್ಬನಿಗೆ ಮಾತು ಕೊಡಲೇಬೇಕು.

ಹಲಗೆಯಲ್ಲಿ ತಪ್ಪು ಹುಡುಕಲು ಬಂದಿದ್ದ ಪಾಂಗ್ ಮೇಷ್ಟ್ರನ್ನು ಕೇಳಿದಳು, "ಮೇಷ್ಟ್ರೇ, ನಾನು ಕೆತ್ತುತ್ತಿರೋ ಈ ಕಥೆಯ ಗಂಡ ಒಳ್ಳೆಯವನಾ?"

"ಅದನ್ನೂ ಕೇಳ್ತೀಯಲ್ಲಮ್ಮ! ಪರೀಕ್ಷೇಲಿ ಮೊದಲನೆಯವನು. ಹೆಂಡತಿ ಮೇಲೆ ನೂರು ಪದ್ಯ ಬರೀತಾನೆ."

"ಅವಳಿಗೆ ಜ್ವರ ಬಂದಾಗ?"

"ಆಗಲೂ ಬರೀತಾನೆ."

"ಗಂಜಿ ಯಾರು ಕಾಯಿಸ್ತಾರೆ?"

ಮೇಷ್ಟ್ರು ನಕ್ಕರು. "ಅದು ಪುಸ್ತಕದಲ್ಲಿಲ್ಲ."

ಯುಟ್‌ಲಿನ್ ಸೋತ ಕಣ್ಣುಗಳನ್ನು ಒತ್ತಿಕೊಂಡಳು. ಹೆಣ್ಣು ನೋಡಲು ಮನೆಗೆ ಬಂದ ದಿನ ಓದುವ ಹುಡುಗ ಕಿಟಕಿಗೆ ಅಡ್ಡ ನಿಂತು, ಅವಳ ಹಲಗೆಯ ಸಾಲುಗಳನ್ನು ರಾಗವಾಗಿ ಓದಿದ್ದ. ಅಷ್ಟು ಹೊತ್ತೂ ಅವಳು ನೆರಳಲ್ಲೇ ಕೆತ್ತಿದ್ದಳು. ಬಾತುಕೋಳಿಯವನು ಒಳಗೆ ಬಂದವನೇ, "ಅಮ್ಮ, ನಿಮ್ಮ ಬೆಳಕಿಗೆ ಅಡ್ಡ ಬಂದೆ" ಎಂದು ಪಕ್ಕಕ್ಕೆ ಸರಿದಿದ್ದ.

"ಸೌಕಾಮ್," ಮಗಳನ್ನು ಕೂಗಿದಳು, "ಬಾತುಕೋಳಿ ವಾಸನೆ ತಡ್ಕೋತೀಯೇನೇ?"

"ತೊಳೆದ್ರೆ ಹೋಗುತ್ತಲ್ಲಮ್ಮ," ಒಳಗಿನಿಂದ ನಗು ಬೆರೆತ ದನಿ ಬಂತು.

ಯುಟ್‌ಲಿನ್ ಉಳಿದಿದ್ದ ಅರ್ಧ ಪದ್ಯ ಕೆತ್ತಲು ಮತ್ತೆ ಬಗ್ಗಿದಳು.