ಭೇಟಿಗೆ ಭಾನುವಾರ ಮಾತ್ರ

ಅತ್ತೆಯನ್ನು ಆ ಮನೆಯಲ್ಲಿ ಬಿಟ್ಟು ಬಂದು ಇನ್ನೂ ಮೂರು ದಿನ ಆಗಿರಲಿಲ್ಲ, ಫೋನು ಬಂತು. ಸೊಸೆ ಆಗಷ್ಟೇ ಮಧ್ಯಾಹ್ನದ ನಿದ್ದೆಯಿಂದ ಎದ್ದಿದ್ದಳು. ಹಗಲು ಮಲಗುವುದು ಹೇಗಿರುತ್ತದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ಆಚೆಯಿಂದ ದೊಡ್ಡಕ್ಕನ ದನಿ ಕೇಳಿದ್ದೇ, ಕದ್ದು ಸಕ್ಕರೆ ತಿನ್ನುವಾಗ ಸಿಕ್ಕಿಬಿದ್ದವಳ ಹಾಗೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ದೊಡ್ಡಕ್ಕ ಎಂದರೆ ಆ ಮನೆ ನಡೆಸುವಾಕೆ. ಅಲ್ಲಿರುವ ವಯಸ್ಸಾದವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು, ಅವಳಿಗಿಂತ ಮೂವತ್ತು ವರ್ಷ ದೊಡ್ಡವರು ಕೂಡ.

“ಗಾಬರಿಯಾಗೋ ಅಂಥದ್ದೇನಿಲ್ಲ,” ಎಂದಳು ದೊಡ್ಡಕ್ಕ. “ನಿಮ್ಮತ್ತೆ ಡಾಕ್ಟರನ್ನ ಒಳಗೆ ಬಿಡ್ತಿಲ್ಲ, ಅಷ್ಟೇ.”

“ಯಾಕಂತೆ?”

“ಗಂಡಸರು ಹಾಲ್ ದಾಟಿ ಒಳಗೆ ಬರೋ ಹಾಗಿಲ್ವಂತೆ. ಪಾಪ, ವರಾಂಡದಲ್ಲಿ ಕೂತಿದ್ದಾರೆ. ಟೀ ಕಳಿಸಿದ್ದಾರೆ, ಮರ್ಯಾದೆಗೇನೂ ಕಮ್ಮಿ ಮಾಡಿಲ್ಲ. ಏನು ಹೇಳಿದ್ರೆ ಒಪ್ತಾರೆ ಅಂತ ಕೇಳೋಣ ಅಂತ ಮಾಡಿದೆ.”

ಸೊಸೆ ಯೋಚಿಸಿದಳು. “ತಪಾಸಣೆಗೆ ಬಂದ ಸಾಹೇಬರು ಅಂತ ಹೇಳಿ. ಬಿಡ್ತಾರೆ.”

ಬಿಟ್ಟರಂತೆ. ಬಿಟ್ಟಿದ್ದು ಮಾತ್ರವಲ್ಲ, ಡಾಕ್ಟರರ ಹಿಂದೆಯೇ ಓಡಾಡಿ ಪ್ರತಿಯೊಂದು ಕೋಣೆಯನ್ನೂ ತೋರಿಸಿ, “ನಲ್ಲಿ ಸೋರ್ತಾ ಇದೆ ಸಾರ್, ಬರೆದುಕೊಳ್ಳಿ” ಎಂದು ದೂರು ಕೊಟ್ಟರಂತೆ. ನಲ್ಲಿ ನಿಜವಾಗಿಯೂ ಸೋರುತ್ತಿತ್ತು.

ಅತ್ತೆ ಒಂದು ಕಾಲದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಮರೆವಿನ ಕಾಯಿಲೆ ಅವರ ತಲೆಯೊಳಗೆ ನುಗ್ಗಿದ್ದು ಕಳ್ಳನ ಹಾಗೆ, ಮೇಲಿನ ಮಹಡಿಯಿಂದ. ಮೊದಲು ನಿನ್ನೆಯನ್ನು ಒಯ್ದಿತು, ಆಮೇಲೆ ಹೋದ ವರ್ಷವನ್ನು, ಆಮೇಲೆ ಮೊಮ್ಮಗಳ ಹೆಸರನ್ನು, ಮಗನ ಮದುವೆಯನ್ನು. ಮದುವೆಯ ಜೊತೆಗೆ ಸೊಸೆಯೂ ಹೋದಳು. ಹೀಗೆ ಒಂದೊಂದೇ ಮೆಟ್ಟಿಲಿಳಿಯುತ್ತ ಬಂದ ಕಳ್ಳ ಹಾಸ್ಟೆಲಿನ ಗೇಟಿನ ಮುಂದೆ ನಿಂತುಬಿಟ್ಟ. ಅತ್ತೆ ಅವನನ್ನೂ ಒಳಗೆ ಬಿಟ್ಟಿರಲಿಕ್ಕಿಲ್ಲ.

ಮನೆಯಲ್ಲಿದ್ದಾಗ ಈ ವಾರ್ಡನ್‌ಗಿರಿಗೆ ಇದ್ದ ಹುಡುಗಿ ಒಬ್ಬಳೇ. ಐವತ್ತೆರಡರ ಸೊಸೆ. “ಎಲ್ಲಿಗೆ ಹೊರಟೆ? ಯಾರ ಜೊತೆ? ಎಷ್ಟು ಹೊತ್ತಿಗೆ ಬರ್ತೀಯ?” ತರಕಾರಿ ತರಲು ಹೊರಟರೂ ಇದೇ. ಸ್ನಾನದ ಮನೆಯ ಬಾಗಿಲು ಬಡಿದು, “ಬೇರೆಯವರಿಗೂ ನೀರು ಬೇಕು, ಬಾ ಆಚೆ” ಎನ್ನುವುದು. ಅವಳು ಕೂತಲ್ಲಿ ಬಂದು ನಿಲ್ಲುವುದು, ನಿಂತಲ್ಲಿ ಬಂದು ಕೂರುವುದು. ಗಂಡನನ್ನು ಕೇಳಿದರೆ, “ನೀನು ಹೇಗೆ ಹೇಳ್ತೀಯೋ ಹಾಗೆ” ಎನ್ನುತ್ತಿದ್ದ. ಮದುವೆಯಾದ ಹೊಸತರಲ್ಲಿ ಆ ಮಾತು ಅವಳಿಗೆ ಪ್ರೀತಿಯ ಹಾಗೆ ಕೇಳಿಸಿತ್ತು. ಅದು ಹೊರೆಯನ್ನು ಮೆಲ್ಲಗೆ ಇನ್ನೊಬ್ಬರ ತಲೆಗೆ ದಾಟಿಸುವ ಉಪಾಯ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಸೊಸೆಯ ಕಾಲ ಎಲ್ಲಿ ತಡವಾಯಿತೋ, ಬರಲೇ ಇಲ್ಲ. ಒಂದು ದಿನ ಅವಳು ಸ್ನಾನದ ಮನೆಯೊಳಗೆ ನಲ್ಲಿ ಬಿಟ್ಟುಕೊಂಡು ಸುಮ್ಮನೆ ಗೋಡೆಗೆ ಒರಗಿ ನಿಂತಿದ್ದಳು. ಅಳು ಬರುತ್ತದೆಂದು ಕಾದಳು. ಅದೂ ಬರಲಿಲ್ಲ. ಆ ವಾರವೇ ದೊಡ್ಡಕ್ಕನ ಮನೆಯ ವಿಷಯ ವಿಚಾರಿಸಿದಳು.

ಅದು ಆಸ್ಪತ್ರೆಯಲ್ಲ, ಆಶ್ರಮವೂ ಅಲ್ಲ. ಸಾಧಾರಣ ಬೀದಿಯ ಸಾಧಾರಣ ಮನೆ. ಒಂಬತ್ತು ಜನ ಮರೆವಿನವರು ಒಂದೇ ಸಂಸಾರದ ಹಾಗೆ ಇರುತ್ತಿದ್ದರು. ನಡುವೆ ಅಡುಗೆಮನೆ, ಅದರ ಮುಂದೆ ಉದ್ದನೆಯ ಮೇಜು. ಕೈ ಆಡುವವರು ಬಟಾಣಿ ಬಿಡಿಸುತ್ತಿದ್ದರು, ಒಗೆದ ಬಟ್ಟೆ ಮಡಚುತ್ತಿದ್ದರು. ಮಡಚಿದ್ದನ್ನು ಒಬ್ಬಾಕೆ ಬಿಚ್ಚಿದರೆ ಇನ್ನೊಬ್ಬಾಕೆ ಬೇಸರವಿಲ್ಲದೆ ಮತ್ತೆ ಮಡಚುತ್ತಿದ್ದಳು. ಯಾರ ಮಾತಿಗೂ ಅಲ್ಲಿ ಯಾರೂ “ಹಾಗಲ್ಲ” ಎನ್ನುತ್ತಿರಲಿಲ್ಲ. ರೈಲು ಬಂತು ಎಂದು ಒಬ್ಬರು ಎದ್ದರೆ, ಯಾವ ಊರಿಗೆ ಎಂದು ಕೇಳುತ್ತಿದ್ದರೇ ಹೊರತು ರೈಲಿಲ್ಲ ಎನ್ನುತ್ತಿರಲಿಲ್ಲ.

ದೊಡ್ಡಕ್ಕ ಒಂದೇ ಒಂದು ಕರಾರು ಹಾಕಿದ್ದಳು. “ಒಂದು ವಾರ ಇಟ್ಕೊಂಡು ನೋಡ್ತೀವಿ. ಭಾನುವಾರ ಸಂಜೆ ನಿಮ್ಮೆಲ್ಲರ ಎದುರಿಗೇ ಕೇಳ್ತೀನಿ, ಇಲ್ಲಿ ಇರ್ತೀರಾ ಅಂತ. ಹೂಂ ಅನ್ನೋದು ಅವರ ಬಾಯಿಂದ್ಲೇ ಬರ್ಬೇಕು. ಮಾರನೇ ದಿನ ಮರೆತ್ರೆ ಮರೀಲಿ, ಕೇಳಿದ ಹೊತ್ತಿಗೆ ಮನಸ್ಸು ಏನು ಹೇಳುತ್ತೆ ಅನ್ನೋದು ನಮಗೆ ಬೇಕು. ಇಲ್ಲ ಅಂದ್ರೆ ಇಲ್ಲ. ಬಲವಂತಕ್ಕೆ ಯಾರನ್ನೂ ಇಟ್ಕೊಳಲ್ಲ. ಆ ಕೋಣೆಗೆ ಇನ್ನೂ ನಾಲ್ಕು ಜನ ಕಾಯ್ತಿದ್ದಾರೆ.”

ಸೊಸೆ ತಲೆಯಾಡಿಸಿದ್ದಳು. ಒಳಗೊಳಗೇ, ಈ ಹೆಂಗಸು ಹೂಂ ಎಂದಿದ್ದನ್ನು ನಾನು ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಕೇಳಿದ್ದೇನೆಯೇ ಎಂದು ನೆನಪು ಮಾಡಿಕೊಳ್ಳುತ್ತಿದ್ದಳು.

ಆ ವಾರವೆಲ್ಲ ದೊಡ್ಡಕ್ಕನ ಫೋನಿನಲ್ಲಿ ಸುದ್ದಿಯೇ ಸುದ್ದಿ. ವಾರ್ಡನ್ ಬೆಳಗಿನ ಹಾಜರಿ ತೆಗೆದುಕೊಳ್ಳುತ್ತಿದ್ದಾರೆ. ಎಂಬತ್ತು ದಾಟಿದ ಟೈಲರಮ್ಮನನ್ನು “ಏ ಹುಡುಗಿ, ಜಡೆ ಹಾಕ್ಕೊಂಡು ಬಾ” ಎಂದು ಗದರಿದ್ದಾರೆ. ಟೈಲರಮ್ಮನಿಗೆ ಹುಡುಗಿಯಾದ ಖುಷಿಗೆ ಬೆರಳುದ್ದದ ಕೂದಲಿಗೇ ರಿಬ್ಬನ್ ಬೇಕಾಗಿದೆ. ಸಂಜೆಯಾದರೆ “ಲೋಡು ಕಾಯ್ತಿದೆ” ಎಂದು ಗೇಟಿನತ್ತ ಓಡುತ್ತಿದ್ದ ಲಾರಿ ಡ್ರೈವರಜ್ಜನನ್ನು ಹಿಡಿದು ಕೂರಿಸಲು ಇಬ್ಬರು ಬೇಕಾಗುತ್ತಿತ್ತು. ಈಗ ವಾರ್ಡನ್ ಸೊಂಟದ ಮೇಲೆ ಕೈಯಿಟ್ಟು, “ಯಾರಪ್ಪಣೆ ತಗೊಂಡೆ? ಈ ಹಾಸ್ಟೆಲಿನ ವ್ಯಾನು ನಾನು ಹೇಳಿದಾಗ ಹೊರಡುತ್ತೆ” ಎನ್ನುತ್ತಾರೆ. ಅಜ್ಜ “ಆಗ್ಲಿ ಮೇಡಂ” ಎಂದು ಹಿಂದಿರುಗಿ ಬಟಾಣಿ ಬಿಡಿಸುತ್ತಾನೆ. ದೊಡ್ಡಕ್ಕನಿಗೂ ಹುದ್ದೆ ಸಿಕ್ಕಿದೆ: ಅವಳು ಮೆಸ್ಸಿನವಳು.

ಇತ್ತ ಮನೆಯಲ್ಲಿ ಸೊಸೆ ಬಿಸಿ ಟೀಯನ್ನು ಬಿಸಿಯಾಗಿಯೇ ಕುಡಿದಳು. ಸ್ನಾನದ ಮನೆಯಲ್ಲಿ ಹಾಡಿದಳು, ಯಾರೂ ಬಾಗಿಲು ಬಡಿಯಲಿಲ್ಲವಲ್ಲ ಎಂದು ನಡುವೆ ಹಾಡು ನಿಲ್ಲಿಸಿ ಕಿವಿಗೊಟ್ಟಳು. ಕನ್ನಡಿ ನೋಡಿಕೊಂಡರೆ ಮುಖ ತುಸು ತುಂಬಿಕೊಂಡ ಹಾಗಿತ್ತು. ಅದಕ್ಕೂ ನಾಚಿಕೆಯಾಯಿತು. ಒಬ್ಬರನ್ನು ಕಳಿಸಿ ಚೆನ್ನಾಗಿ ಕಾಣುವುದೆಂದರೆ!

ನಾದಿನಿಗೆ ಫೋನಿನಲ್ಲೇ ಇದರ ವಾಸನೆ ಹತ್ತಿತು. “ಏನತ್ತಿಗೆ, ದನಿ ತಿಳಿಯಾಗಿದೆ? ಅಮ್ಮ ಇಲ್ದೆ ಹಾಯಾಗಿದೆ ಅನ್ಸುತ್ತೆ.” ನಾದಿನಿ ಊರಿನ ಆ ಕಡೆ ಇದ್ದಾಳೆ. ತಿಂಗಳಿಗೊಮ್ಮೆ ಹಣ್ಣು ತರುತ್ತಾಳೆ, ಹಣ್ಣಿಗಿಂತ ಹೆಚ್ಚು ಬುದ್ಧಿಮಾತು ತರುತ್ತಾಳೆ. “ಭಾನುವಾರ ನಾನೂ ಬರ್ತೀನಿ. ಅಮ್ಮ ಒಲ್ಲೆ ಅಂದ್ರೆ ಮಾತ್ರ ಅವತ್ತೇ ಮನೆಗೆ ಕರ್ಕೊಂಡು ಹೋಗೋದು. ಮನೆಗೆ ಅಂದ್ರೆ, ನಿಮ್ಮನೆಗೆ.”

ಭಾನುವಾರ ಮೂವರೂ ಹೋದರು. ಗೇಟಿನಲ್ಲೇ ವಾರ್ಡನ್ ನಿಂತಿದ್ದರು. ಸೀರೆಯ ನೆರಿಗೆ ಗರಿಗರಿಯಾಗಿತ್ತು. ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಗಂಡಸರು ಆ ಬೆಂಚಿನ ಮೇಲೆ” ಎಂದರು. ಮಗ ಆ ತೀರ್ಪಿಗೇ ಕಾಯುತ್ತಿದ್ದವನ ಹಾಗೆ ಹೋಗಿ ಕೂತುಬಿಟ್ಟ. ಹೆಂಗಸರಿಬ್ಬರನ್ನು ವಾರ್ಡನ್ ಉದ್ದನೆಯ ಮೇಜಿನ ಹತ್ತಿರ ಕರೆದೊಯ್ದು, ತಾವು ಅದರ ತುದಿಯ ಕುರ್ಚಿಯಲ್ಲಿ ಕೂತರು. ದೊಡ್ಡಕ್ಕ ಪಕ್ಕದಲ್ಲಿ ಬಂದು ನಿಂತಳು.

“ಅಮ್ಮಾ, ನಾನು ಕಣಮ್ಮ!” ನಾದಿನಿ ಕೈ ಹಿಡಿದಳು.

“ಎಲ್ರೂ ನಾನೇ ಅಂತಾರೆ.” ವಾರ್ಡನ್ ಕೈ ಬಿಡಿಸಿಕೊಂಡರು. “ಭೇಟಿಗೆ ಭಾನುವಾರ ಮಾತ್ರ, ಪುಣ್ಯಕ್ಕೆ ಇವತ್ತು ಭಾನುವಾರ. ಯಾರನ್ನ ನೋಡೋಕೆ ಬಂದ್ರಿ?”

“ನನ್ನಮ್ಮನ್ನ...”

“ಅಮ್ಮ ಹಾಸ್ಟೆಲಲ್ಲಿ, ಮಗಳು ಮನೇಲಾ? ಹೊಸ ಕಾಲ ಬಿಡಿ. ಯಾಕೆ, ನಿಮ್ಮನೇಲಿ ಜಾಗ ಇಲ್ವಾ?”

“ಜಾಗ ಇದೆ. ಆದ್ರೆ ಮಹಡಿ ಮನೆ, ಮೆಟ್ಟಿಲು ಜಾಸ್ತಿ...”

“ಮೆಟ್ಟಿಲಿಗೂ ನಿಮ್ಮಮ್ಮನಿಗೂ ಏನು ಜಗಳ?”

ಬಟಾಣಿ ಬಿಡಿಸುತ್ತಿದ್ದ ಟೈಲರಮ್ಮ ಕಿಸಕ್ಕನೆ ನಕ್ಕಳು. ನಾದಿನಿಯ ಮುಖ ಕೆಂಪಾಯಿತು. ಸೊಸೆ ಮೇಜಿನ ಮೇಲಿನ ಒಂದು ಬಟಾಣಿಯನ್ನು ಬಹಳ ಗಮನವಿಟ್ಟು ನೋಡತೊಡಗಿದಳು. ಎಷ್ಟೋ ವರ್ಷ ತಾನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ನುಂಗಿದ್ದ ಪ್ರಶ್ನೆಯನ್ನು ಅತ್ತೆಯೇ ಕೇಳಿಬಿಟ್ಟರಲ್ಲ! ತುಟಿ ಕಚ್ಚಿಕೊಂಡಳು. ಆದರೂ ಭುಜ ಅಲುಗಿತು.

ದೊಡ್ಡಕ್ಕ ಕುರ್ಚಿ ಎಳೆದುಕೊಂಡು ಕೂತು, ವಾರ್ಡನರ ಮುಖಕ್ಕೆ ಮುಖವಿಟ್ಟು ನಿಧಾನವಾಗಿ ಕೇಳಿದಳು. “ಅಮ್ಮ, ಒಂದು ವಾರ ನಮ್ಮ ಜೊತೆ ಇದ್ರಿ. ಇನ್ನು ಮುಂದೆಯೂ ಇಲ್ಲೇ ಇರ್ತೀರಾ?”

ಸೊಸೆಯ ನಗು ಅಲ್ಲೇ ಒಣಗಿತು.

ವಾರ್ಡನ್ ಮೇಜಿನ ಮೇಲಿನ ಬಟಾಣಿ ಸಿಪ್ಪೆಯನ್ನು ಒಂದು ಕಡೆ ಸರಿಸಿದರು. “ಇಲ್ಲಮ್ಮ,” ಎಂದರು. “ಕೆಲಸ ಚೆನ್ನಾಗಿದೆ. ಹುಡುಗೀರೂ ಒಳ್ಳೆಯವರೇ. ಆದ್ರೆ ನಾನು ಇರೋಕಾಗಲ್ಲ.”

“ನೋಡಿದ್ರಾ!” ನಾದಿನಿ ಎದ್ದೇಬಿಟ್ಟಳು. “ನಾನು ಹೇಳ್ಲಿಲ್ವಾ ಅತ್ತಿಗೆ? ಅಮ್ಮನ ಜೀವ ಮನೇಲಿದೆ.”

ದೊಡ್ಡಕ್ಕ ಕೈಸನ್ನೆಯಿಂದಲೇ ಅವಳನ್ನು ಕೂರಿಸಿದಳು. “ಯಾಕಾಗಲ್ಲ ಅಮ್ಮ?”

“ಮನೇಲಿ ಸೊಸೆ ಒಬ್ಳೇ ಇದ್ದಾಳೆ,” ಎಂದರು ವಾರ್ಡನ್, ದನಿ ತಗ್ಗಿಸಿ, ಬೇರೆಯವರಿಗೆ ಕೇಳಿಸಬಾರದು ಎನ್ನುವ ಹಾಗೆ. “ದಡ್ಡಿ ಅದು. ಹಿತ್ತಿಲ ಬಾಗಿಲಿಗೆ ಚಿಲಕ ಹಾಕೋಕೆ ನೆನಪಿರಲ್ಲ. ಎಲ್ರಿಗೂ ಬಡಿಸಿ ಬಡಿಸಿ ತಾನು ತಿಂದ್ಲೋ ಇಲ್ವೋ ಗೊತ್ತಾಗಲ್ಲ. ಸ್ನಾನಕ್ಕೆ ಹೋದ್ರೆ ಎಲ್ಲಿ ತಲೆ ಸುತ್ತಿ ಬಿದ್ಲೋ ಅಂತ ನಾನೇ ಹೋಗಿ ಬಾಗಿಲು ಬಡೀಬೇಕು. ನನ್ನ ಮಗ ಏನೂ ಪ್ರಯೋಜನ ಇಲ್ಲ. ನೀನು ಹೇಳಿದ ಹಾಗೆ ಅಂತಾನೆ, ಕೂತ್ಕೋತಾನೆ. ಅವಳನ್ನ ಬಿಟ್ಟು ನಾನು ಹ್ಯಾಗಮ್ಮ ಇಲ್ಲಿರ್ಲಿ?”

ಡ್ರೈವರಜ್ಜ ಒಂದು ಬಟಾಣಿ ಬಾಯಿಗೆ ಹಾಕಿಕೊಂಡು ಕಟಕ್ಕನೆ ಕಡಿದ.

ಸೊಸೆಗೆ ಮೊದಲು ಬಂದದ್ದು ಸಿಟ್ಟು. ಈಗ ಹೇಳ್ತೀರಾ? ನಾನು ಯಾರೆಂದು ಗೊತ್ತಿಲ್ಲದ ಮೇಲೆ? ಬಾಗಿಲು ಬಡಿದದ್ದು ನೀರಿಗಲ್ಲ ಎಂದು ಒಂದು ಮಾತು ಆಗಲೇ ಆಡಿದ್ದರೆ ಯಾರ ಗಂಟು ಹೋಗುತ್ತಿತ್ತು? ಸಿಟ್ಟಿನ ಹಿಂದೆಯೇ, ಎದ್ದು ಅತ್ತೆಯ ಕೈ ಹಿಡಿದು, ನಡೀರಿ ಮನೆಗೆ, ಎಂದುಬಿಡಬೇಕು ಎನ್ನಿಸಿತು. ನಾದಿನಿ ಅದಕ್ಕೇ ಕಾಯುತ್ತಿದ್ದಳು. ಬಹುಶಃ ಬೆಂಚಿನ ಮೇಲಿದ್ದವನೂ. ಎದ್ದರೆ ನಾಳೆ ಬೆಳಿಗ್ಗೆ ಮತ್ತೆ ಅದೇ ನಲ್ಲಿ, ಅದೇ ಗೋಡೆ. ಪ್ರೀತಿ ಇತ್ತೆಂದು ತಿಳಿದ ಮಾತ್ರಕ್ಕೆ ಸುಸ್ತು ಕಡಿಮೆಯಾಗುವುದಿಲ್ಲ. ಅವಳಿಗೆ ಅದು ಸ್ಪಷ್ಟವಾಗಿ ಗೊತ್ತಿತ್ತು. ಸುಳ್ಳು ಹೇಳಿ ಒಪ್ಪಿಸುವುದೂ ಬೇಡವಾಗಿತ್ತು.

“ಮೇಡಂ,” ಎಂದಳು. “ನಿಮ್ಮ ಸೊಸೆ ನನಗೆ ಗೊತ್ತು.”

ವಾರ್ಡನ್ ತಿರುಗಿದರು. “ಹೌದಾ? ನೀವು ಅವಳಿಗೇನಾಗ್ಬೇಕು?”

“ಹತ್ತಿರದವಳು. ಈ ವಾರವೆಲ್ಲ ಅವಳ ಜೊತೇನೇ ಇದ್ದೆ.”

“ಚಿಲಕ?”

“ಮರೀತಾಳೆ. ಇನ್ಮೇಲೆ ನಾನು ನೋಡ್ಕೋತೀನಿ, ಹಾಕಿಸ್ತೀನಿ.”

“ಊಟ?”

“ಹೊಟ್ಟೆ ತುಂಬ ಮಾಡಿದ್ಲು. ನಿದ್ದೇನೂ ಮಾಡಿದ್ಲು.” ಆಮೇಲೆ ಯಾರಿಗೂ ಇದುವರೆಗೆ ಹೇಳದಿದ್ದದ್ದನ್ನು ಹೇಳಿದಳು. “ಅವಳಿಗೆ ತುಂಬ ಸುಸ್ತಾಗಿತ್ತು ಮೇಡಂ. ನಿಂತಲ್ಲೇ ಕುಸಿಯೋ ಅಷ್ಟು. ಯಾರ ಹತ್ರ ಹೇಳ್ಕೋಬೇಕೋ ಗೊತ್ತಾಗ್ಲಿಲ್ಲ.”

“ನನ್ನ ಹತ್ರ ಹೇಳೋದಕ್ಕೇನು ಧಾಡಿ ಅವಳಿಗೆ?” ವಾರ್ಡನ್ ರೇಗಿದರು. “ನಾನೇನು ಹುಲಿಯಾ, ಕರಡಿಯಾ?”

“ಹುಲಿನೇ,” ಎಂದಳು ಟೈಲರಮ್ಮ, ಬಟಾಣಿಯಿಂದ ತಲೆಯೆತ್ತದೆ.

“ನೀನು ಸುಮ್ಮನಿರು ಹುಡುಗಿ.” ಆದರೆ ವಾರ್ಡನರ ತುಟಿಯ ತುದಿ ಅಲುಗಿತು. ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದರು. ಗುರುತು ಸಿಕ್ಕಿತೋ ಏನೋ ಎಂದು ಅವಳು ಮುಂದಕ್ಕೆ ಬಾಗಿದಳು. ಸಿಗಲಿಲ್ಲ. ಸಿಕ್ಕಿದ್ದು ಬೇರೆಯೇನೋ, ಒಬ್ಬ ಹೆಂಗಸಿನ ಮೇಲೆ ಇನ್ನೊಬ್ಬ ಹೆಂಗಸು ನಂಬಿಕೆಯಿಡುವಾಗ ಕಣ್ಣಿಗೆ ಬರುವ ನಿರಾಳ. “ಹಾಗಾದ್ರೆ ಆ ದಡ್ಡೀನ ನಿಮಗೆ ಒಪ್ಪಿಸಿದೀನಿ ನೋಡಿ. ಕೆಲಸ ಕಡಿಮೆ ಮಾಡೋಕೆ ಹೇಳಿ. ಅತ್ತೆಯ ಅಪ್ಪಣೆ ಅನ್ನಿ, ಕೇಳ್ತಾಳೆ.”

“ಹೇಳ್ತೀನಿ.”

“ಮತ್ತೆ ನೀವು, ಅಮ್ಮ?” ದೊಡ್ಡಕ್ಕ ಬಿಡಲಿಲ್ಲ. “ಇಲ್ಲೇ ಇರ್ತೀರಾ?”

“ಇನ್ನೆಲ್ಲಿಗೆ ಹೋಗ್ಲಿ? ನಾನಿಲ್ದಿದ್ರೆ ಆ ಡ್ರೈವರು ಗೇಟು ದಾಟೋದು ಗ್ಯಾರಂಟಿ. ಇರ್ತೀನಿ, ಇರ್ತೀನಿ. ಮೊದ್ಲು ಆ ನಲ್ಲಿ ರಿಪೇರಿ ಮಾಡಿಸು ನೀನು.”

ನಾದಿನಿ ಏನೋ ಹೇಳಲು ಬಾಯಿ ತೆರೆದಳು. ವಾರ್ಡನ್ ಕೈ ಎತ್ತಿದರು. “ಭೇಟಿ ಸಮಯ ಮುಗೀತು. ಗೇಟಿನ ಹತ್ರ ನಿಂತ್ಕೊಂಡು ಅಳೋ ಹಾಗಿಲ್ಲ. ಒಬ್ರು ಶುರು ಮಾಡಿದ್ರೆ ಇಡೀ ಹಾಸ್ಟೆಲು ಅಳುತ್ತೆ, ಆಮೇಲೆ ನಾನು ಸುಧಾರಿಸ್ಬೇಕು.”

ಆದ್ದರಿಂದ ಸೊಸೆ ಗೇಟಿನ ಹತ್ತಿರ ಅಳಲಿಲ್ಲ. ಬೀದಿಯ ತಿರುವಿನವರೆಗೂ ಬಿಗಿಹಿಡಿದು, ಆಮೇಲೆ ಅತ್ತಳು. ನಡುನಡುವೆ ನಗುವೂ ಬಂದು ಎರಡೂ ಕಲಸಿಹೋದವು. ನಾದಿನಿ ತನ್ನ ಕರವಸ್ತ್ರ ಕೊಟ್ಟಳು. ಗಂಡ ಗಾಬರಿಬಿದ್ದು ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಕೇಳಿದ. “ಏನಾಯ್ತೇ? ಅಮ್ಮ ಏನಂದ್ರು?”

“ನನ್ನನ್ನ ದಡ್ಡಿ ಅಂದ್ರು,” ಎಂದಳು ಸೊಸೆ, ಯಾರೋ ಶಾಲು ಹೊದಿಸಿ ಸನ್ಮಾನ ಮಾಡಿದಷ್ಟು ಸಂತೋಷದಿಂದ. “ನಿಮ್ಮನ್ನ ಏನೂ ಪ್ರಯೋಜನ ಇಲ್ಲ ಅಂದ್ರು.”