ಯಾಸ್ಮಿನಳ ಬಲಗೈ

ಶಂಭುಲಿಂಗನ ಮುಖ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವನ ಅಪ್ಪ ಹತ್ತಿ ವ್ಯಾಪಾರಿ; ಮಗ ಕೇಶ್ವಾಪುರದ ಬಟ್ಟೆಯಂಗಡಿಯೊಂದರ ಮೇಲೆ ಇಪ್ಪತ್ತು ಕಂಪ್ಯೂಟರ್ ಇಟ್ಟುಕೊಂಡು ಡೆನ್ಮಾರ್ಕಿನ ಕಂಪನಿಯ ಕೆಲಸ ಹಿಡಿದವನು. ಅಲ್ಲಿನ ಅಂಗಡಿಗಳ ಫೋಟೋ ಬರುತ್ತವೆ. ನಮ್ಮ ಹುಡುಗಿಯರು ಮೌಸ್ ಹಿಡಿದು ಒಂದೊಂದು ಡಬ್ಬಿ, ಒಂದೊಂದು ಬಾಟಲಿಯ ಸುತ್ತ ಚೌಕ ಎಳೆಯಬೇಕು. ಅದನ್ನು ನೋಡಿ ಅವರ ಯಂತ್ರ ಸಾಮಾನು ಗುರುತಿಸುವುದನ್ನು ಕಲಿಯುತ್ತದಂತೆ. ನಾನು, ರಾಜೇಶ್ವರಿ, ಈ ಹುಡುಗಿಯರ ಮೇಲ್ವಿಚಾರಕಿ. ಇಂಗ್ಲಿಷ್ ಮಾತು ಬಂದಾಗ ದುಭಾಷಿಯೂ ನಾನೇ.

ಒಪ್ಪಂದದಲ್ಲಿ ತಾಸಿಗೆ ಹತ್ತು ನಿಮಿಷ ವಿಶ್ರಾಂತಿ ಎಂದಿತ್ತು. ಕಂಪ್ಯೂಟರಿನಲ್ಲಿ ವಿಶ್ರಾಂತಿ ದಾಖಲಾಗುತ್ತಿತ್ತು, ಕೈಗಳು ಮಾತ್ರ ನಿಲ್ಲುತ್ತಿರಲಿಲ್ಲ. ಹುಡುಗಿಯರಲ್ಲೊಬ್ಬಳಾದ ಯಾಸ್ಮಿನಳ ಬಲ ಮಣಿಕಟ್ಟು ಎರಡು ತಿಂಗಳಿಂದ ಬಾತಿತ್ತು. ಚೂಡಿದಾರದ ತೋಳನ್ನು ಬೆರಳತನಕ ಎಳೆದು ಮುಚ್ಚಿಕೊಳ್ಳುತ್ತಿದ್ದಳು. ಅವಳ ಪಗಾರವೊಂದೇ ಅವರ ಮನೆಯನ್ನು ನಡೆಸುತ್ತಿತ್ತು.

"ದವಾಖಾನಿಗಿ ಹೋಗ," ಎಂದು ನಾನಂದರೆ, "ಗೊತ್ತಾದ್ರ ತಗದ ಬಿಡ್ತಾರ್ರಿ ಅಕ್ಕಾ. ಯಾರ ಮುಂದೂ ಹೇಳಬ್ಯಾಡ್ರಿ," ಎನ್ನುತ್ತಿದ್ದಳು.

ಹೋದ ಶ್ರಾವಣದಲ್ಲಿ, ಒಪ್ಪಂದ ಮುಂದುವರಿಸುವ ಮೊದಲು, ಆ ಕಂಪನಿಯ ಹೆಂಗಸೊಬ್ಬಳು ವಿಡಿಯೋದಲ್ಲಿ ನಮ್ಮನ್ನು ನೋಡಲು ಬಂದಳು. ಶಂಭುಲಿಂಗ ಮಂಡಕ್ಕಿಯ ಗಿರ್ಮಿಟ್, ಚಹಾ ತರಿಸಿ, "ಎಲ್ಲಾರೂ ಆರಾಮ ಕುಂತು ನಗಕೋತ ಚಾ ಕುಡೀರಿ," ಎಂದ. ವರ್ಷದಲ್ಲಿ ಒಮ್ಮೆಯೂ ನೀರು ಕುಡಿದಿರಾ ಎಂದು ಕೇಳದ ಮನುಷ್ಯ.

ಯಾಸ್ಮಿನ ಎಡಗೈಯಲ್ಲಿ ಕಪ್ ಎತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬಂದವರ ಎದುರು ಎಡಗೈಯಲ್ಲಿ ಕುಡಿಯುವುದೇ? ತಾಯಿ ಗುಲ್ಜಾರಬಿ ಮಗಳನ್ನು ಹಾಗೆ ಬೆಳೆಸಿರಲಿಲ್ಲ. ಬಲಗೈ ಚಾಚಿದಳು. ಹಿಡಿತ ತಪ್ಪಿ ಕಪ್ ಬಿದ್ದು ಒಡೆಯಿತು, ತೋಳು ಮೇಲೆ ಸರಿದು ಬಾವು ಕಂಡಿತು.

ಕೈಗೆ ಏನಾಗಿದೆ ಎಂದು ಆ ಹೆಂಗಸು ಕೇಳಿದಳು. ನಾನು ಅದನ್ನೇ ಕನ್ನಡದಲ್ಲಿ ಕೇಳಿದೆ.

"ಮನ್ಯಾಗ ಜಾರಿ ಬಿದ್ದಿದ್ನಿ ಅಂತ ಹೇಳ್ರಿ," ಎಂದಳು ಯಾಸ್ಮಿನ.

ಶಂಭುಲಿಂಗ ನನ್ನತ್ತ ನೋಡಿ ಹಲ್ಲು ಕಿರಿದ. ನನ್ನ ಪಿತ್ತ ನೆತ್ತಿಗೇರಿತು. ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ: ಸುಳ್ಳು ವಿಶ್ರಾಂತಿ, ಹತ್ತು ತಾಸಿನ ದುಡಿಮೆ, ಈ ಕೈ. ಅವನ ಮುಖ ಇಳಿಯುವುದನ್ನು ನೋಡಿ ನನಗೆ ಬಹಳ ಖುಷಿಯಾಯಿತು.

ಎಂಟು ದಿನಕ್ಕೆ ಕಂಪನಿಯಿಂದ ಪತ್ರ ಬಂತು. ಒಪ್ಪಂದ ಮುಂದುವರಿದಿತ್ತು. ವಿಶ್ರಾಂತಿಯ ಬಗ್ಗೆ ಮಾಲೀಕರು ಲಿಖಿತ ಭರವಸೆ ಕೊಟ್ಟರೆ ಸಾಕು. ಆದರೆ ಕಾರ್ಮಿಕರ ಹಿತದೃಷ್ಟಿಯಿಂದ, ಕೈ ನೋವಿರುವ ಯಾರನ್ನೂ ಈ ಕೆಲಸದಲ್ಲಿ ಇಟ್ಟುಕೊಳ್ಳಕೂಡದು. ದೂರು ಕೊಟ್ಟ ನನ್ನನ್ನು ಮಾತ್ರ ಯಾರೂ ಮುಟ್ಟಬಾರದೆಂದು ಹೆಸರು ಹಿಡಿದು ಬರೆದಿದ್ದರು.

"ನೀವ ಓದಿ ಹೇಳ್ರಿ ಅಕಿಗೆ. ಇಂಗ್ಲಿಷ್ ಛಲೋ ಮಾತಾಡ್ತೀರಿ," ಎಂದು ಶಂಭುಲಿಂಗ ಪತ್ರವನ್ನು ನನ್ನ ಕೈಗಿಟ್ಟ.

ಯಾಸ್ಮಿನಳನ್ನು ಕರೆದು ಓದಿ ಹೇಳಿದೆ. ಅವಳು ಅಳಲಿಲ್ಲ.

"ಅಂವಾ ಎಂಥಾಂವ ಅಂತ ನನಗ ಮೊದಲಿಂದ ಗೊತ್ತಿತ್ತರಿ," ಎಂದಳು. "ಅವನ ಕೈಯಾಗಿಂದ ಹೆಂಗ ಉಳಕೋಬೇಕು ಅನ್ನೂದೂ ಗೊತ್ತಿತ್ತು. ನಿಮ್ಮ ಕೈಯಾಗಿಂದ ಹೆಂಗ ಉಳಕೋಬೇಕಂತ ತಿಳೀಲಿಲ್ಲ."

ಬ್ಯಾಗು ತೆಗೆದುಕೊಂಡು ಮೆಟ್ಟಿಲಿಳಿದಳು. ಮರುದಿನ ಅವಳ ಕುರ್ಚಿಗೆ ಹೊಸ ಹುಡುಗಿ ಬಂದಳು. ಚೌಕ ಎಳೆಯುವುದನ್ನು ನಾನೇ ಕಲಿಸಿದೆ.